ಮೊಣಕಾಲಿಗೆ ಹೋದ ಪ್ರಾರ್ಥನೆ

ನಮ್ಮ ಚರ್ಚಿನ ಸಭೆಯಲ್ಲಿ ಯಾರಿಗೆ ಏನು ಕಷ್ಟ ಬಂದರೂ ಮೊದಲು ನನ್ನನ್ನು ಕರೆಯುತ್ತಿದ್ದರು, ಆಮೇಲೆ ಡಾಕ್ಟರನ್ನು. ಇದು ನನ್ನ ಭಕ್ತಿಯ ಫಲ ಎಂದುಕೊಂಡಿದ್ದೆ. ಡಾಕ್ಟರಿರುವ ಪೇಟೆಗೆ ಬಸ್ಸಿನಲ್ಲಿ ಎರಡು ತಾಸು, ನಮ್ಮ ಮನೆಗೆ ಎರಡು ಹೊಲ ದಾಟಿದರೆ ಸಾಕು, ಅದಕ್ಕೇ ಇರಬೇಕು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಸುಬಿನಿಂದ ನಾನು ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವವನು. ಮನೆಯ ಹಿಂದಿನ ಚಪ್ಪರದ ನೆರಳಿನಲ್ಲಿ ಕಾಡುಗಿಡದ ಸಸಿಗಳನ್ನು ಚೀಲಗಳಲ್ಲಿ ಸಾಲಾಗಿ ಬೆಳೆಸುತ್ತೇನೆ. ಅವು ಪೆನ್ಸಿಲಿನಷ್ಟು ದಪ್ಪವಾದಾಗ ತಲೆ ಕತ್ತರಿಸಿ, ಕಾಂಡದ ನಡುವೆ ಸೀಳು ಮಾಡಿ, ಒಳ್ಳೆಯ ಮರದಿಂದ ತಂದ ಕಡ್ಡಿಯನ್ನು ಬೆಣೆಯಂತೆ ಹೆರೆದು ಅದರಲ್ಲಿ ಕೂರಿಸುತ್ತೇನೆ. ಇದರ ತೊಗಟೆಯ ಒಳಗಿನ ಹಸಿರು ಅದರ ಹಸಿರಿಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ತಾಗಬೇಕು. ಮೇಲೆ ಪಟ್ಟಿ ಸುತ್ತಿ ಬಿಗಿದರೆ ಮೂರು ವಾರಕ್ಕೆ ಚಿಗುರು. ಇದನ್ನೆಲ್ಲ ನಾನು ಒಂದೇ ಕಣ್ಣಿನಲ್ಲಿ ಮಾಡಿಕೊಂಡು ಬಂದವನು. ಒಂಬತ್ತು ವರ್ಷದವನಿದ್ದಾಗ ಬಾಗಿಸಿ ಹಿಡಿದಿದ್ದ ಕೊಂಬೆಯೊಂದು ಕೈಜಾರಿ ಎಡಗಣ್ಣಿಗೆ ಬಡಿಯಿತು. ಅಂದಿನಿಂದ ಆ ಕಣ್ಣು ಮುಖದಲ್ಲಿ ಜಾಗ ಹಿಡಿದುಕೊಂಡಿದೆ, ಅಷ್ಟೇ.

ಭಾನುವಾರ ನಾನು ಚೀಟಿ ಓದುವವನು. ನಮ್ಮ ಪಾದ್ರಿಗಳು ಏಳು ಊರು ನೋಡಿಕೊಳ್ಳಬೇಕು, ಹಾಗಾಗಿ ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ವಾರಗಳ ಆರಾಧನೆ ನನ್ನ ಪಾಲಿಗೆ. ಚರ್ಚಿನ ಬಾಗಿಲ ಬಳಿ ಒಂದು ಹಳೆಯ ಬೀಜದ ಡಬ್ಬಿ ಮೊಳೆಗೆ ನೇತುಬಿದ್ದಿದೆ. ಪ್ರಾರ್ಥನೆ ಬೇಕಾದವರು ಒಂದು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಾರೆ. ನಾನು ಒಂದೊಂದನ್ನೇ ತೆಗೆದು ಗಟ್ಟಿಯಾಗಿ ಓದುತ್ತೇನೆ, ಸಭೆ "ಕರ್ತನೇ, ಕೇಳು" ಎನ್ನುತ್ತದೆ. ಆದರೆ ಬರೆದದ್ದನ್ನಷ್ಟೇ ಓದಿ ಕೂರುವ ಆಸಾಮಿ ನಾನಲ್ಲ. ಪ್ರತಿ ಚೀಟಿಗೂ ಒಂದು ಬಾಲ ಸೇರಿಸುತ್ತಿದ್ದೆ. ದರ್ಜಿಯ ಬೆನ್ನುನೋವಿಗೆ ಶಿಲುಬೆಯ ಭಾರವನ್ನು ನೆನಪಿಸುತ್ತಿದ್ದೆ. ಗಾಣದವರ ಹಸುವಿನ ಕೆಚ್ಚಲು ಊದಿಕೊಂಡದ್ದಕ್ಕೆ ಕರ್ತನು ಹುಟ್ಟಿದ ಕೊಟ್ಟಿಗೆಯನ್ನು ಎಳೆದು ತರುತ್ತಿದ್ದೆ. ಚರ್ಚಿನ ಪಕ್ಕದ ಮನೆಯಲ್ಲಿ ಮೂವತ್ತು ಕೋಳಿ ಸಾಕಿಕೊಂಡಿರುವ ಕೋಳಿ ಅಜ್ಜಿಯ ಮೊಣಕಾಲಿಗಂತೂ ಹನ್ನೊಂದು ವರ್ಷ ವಾರ ತಪ್ಪದೆ ಪ್ರಾರ್ಥಿಸಿದ್ದೆ. ಆ ಮೊಣಕಾಲಿಗೆ ಹೇಳದ ಬೈಬಲ್ ವಾಕ್ಯವೇ ನನ್ನ ಬಳಿ ಉಳಿದಿರಲಿಲ್ಲ.

ಆಪರೇಷನ್‌ಗೆ ಹೋಗುವವರ ಮನೆಗೆ ಹಿಂದಿನ ದಿನ ಸಂಜೆ ಹೋಗಿ, ಮಂಚದ ತುದಿಯಲ್ಲಿ ಕೂತು, "ಭಯ ಅಂದ್ರೆ ನಂಬಿಕೆ ಕಮ್ಮಿ ಅಂತ ಅರ್ಥ, ಹೆದರಬೇಡಿ" ಎಂದು ಧೈರ್ಯ ತುಂಬಿ ಬರುವುದೂ ನನ್ನ ಕೆಲಸವೇ ಆಗಿತ್ತು. ತುಂಬಿದ್ದೇನೆ ಎಂದು ನಾನು ತಿಳಿದಿದ್ದೆ.

ಕಳೆದ ವರ್ಷ ನನ್ನ ಬಲಗಣ್ಣಿನಲ್ಲಿ ಹೊಗೆ ತುಂಬತೊಡಗಿತು. ಮೊದಲು ಕಿಟಕಿಯ ಗಾಜು ಒರೆಸಿದೆ. ದೀಪ ಒರೆಸಿದೆ. ಒಲೆ ಸರಿಯಾಗಿ ಉರಿಸಲು ಬರುವುದಿಲ್ಲವೇ ಎಂದು ಹೆಂಡತಿಯ ಮೇಲೆ ರೇಗಿದೆ. ಅವಳು ಒಲೆ ಹಚ್ಚಿರಲೇ ಇಲ್ಲ. ಕೊನೆಗೆ ಯಾರಿಗೂ ಹೇಳದೆ ಪೇಟೆಯ ಕಣ್ಣಿನ ಆಸ್ಪತ್ರೆಗೆ ಹೋದೆ.

"ಪೊರೆ ಬಂದಿದೆ, ಯಜಮಾನ್ರೇ. ತೆಗೀಬೇಕು" ಎಂದರು ಡಾಕ್ಟರು. "ಕಾಲು ಗಂಟೆ ಕೆಲಸ."

"ಇರೋದು ಇದೊಂದೇ ಸಾರ್."

"ಅದಕ್ಕೇ ಬೇಗ ಬನ್ನಿ ಅಂತಿರೋದು. ತಡ ಮಾಡಿದಷ್ಟೂ ಪೊರೆ ಗಟ್ಟಿಯಾಗುತ್ತೆ, ತೆಗೆಯೋದು ಕಷ್ಟ ಆಗುತ್ತೆ."

"ಏನೂ ಆಗಲ್ಲ ಅಂತ ಬರೆದು ಕೊಡ್ತೀರಾ?"

"ಬರೆದು ಕೊಡೋಕೆ ನಾನೇನು ದೇವರಾ? ನೂರಕ್ಕೆ ಒಬ್ಬರಿಗೆ ತೊಂದರೆ ಆಗಬಹುದು. ತೊಂಬತ್ತೊಂಬತ್ತು ಜನಕ್ಕೆ ಏನೂ ಆಗಲ್ಲ."

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋಗುವ ಕುರುಬನ ಬಗ್ಗೆ ನಾನು ಎಷ್ಟು ಸಲ ಬೋಧಿಸಿದ್ದೇನೋ ಲೆಕ್ಕವಿಲ್ಲ. ನೂರರಲ್ಲಿ ಆ ಒಬ್ಬನಾಗುವುದು ಇಷ್ಟು ಹೆದರಿಕೆಯ ವಿಷಯ ಎಂದು ಒಂದು ಸಲವೂ ಹೊಳೆದಿರಲಿಲ್ಲ. ಆ ಒಬ್ಬ ನಾನೇ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಈ ಕಣ್ಣೂ ಹೋದರೆ ಚಾಕು ಹಿಡಿಯುವಂತಿಲ್ಲ, ವಾಕ್ಯ ಓದುವಂತಿಲ್ಲ, ಹೆಂಡತಿಯ ಮುಖ ಇಷ್ಟಕ್ಕೇ ಮುಗಿಯಿತು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಿ ನೋಡಿದೆ. ಎರಡು ನಿಮಿಷಕ್ಕೇ ಬೆವರು ಕಿತ್ತುಕೊಂಡು ಬಂತು.

"ಡಾಕ್ಟರು ಏನಂದ್ರು?" ಎಂದು ಹೆಂಡತಿ ಕೇಳಿದಳು. ನಾನು ಪೇಟೆಗೆ ಹೋದದ್ದು ಅವಳಿಗೆ ಹೇಗೆ ಗೊತ್ತಾಯಿತೋ.

"ವಯಸ್ಸಾಯ್ತು ಅಂದ್ರು."

"ಅದನ್ನ ಹೇಳೋಕೆ ಅವರೇ ಬೇಕಿತ್ತಾ" ಎಂದು ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಹೀಗೆ ಎಂಟು ತಿಂಗಳು ನಡೆಸಿದೆ. ಚಪ್ಪರದಲ್ಲಿ ಬೆರಳಿನಿಂದ ತಡವಿ ಕಸಿ ಕಟ್ಟುತ್ತಿದ್ದೆ. ನಲವತ್ತು ಗಿಡಗಳ ಒಂದು ಸಾಲು ಚಿಗುರದೆ ಒಣಗಿಹೋಯಿತು. ಗಾಳಿ ಬಿಸಿ ಎಂದೆ, ಚಾಕುವಿನ ಉಕ್ಕು ಕಲಬೆರಕೆ ಎಂದೆ, ಪಟ್ಟಿ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೆಂಡತಿ ಒಂದು ಗಿಡವನ್ನು ಎತ್ತಿ ಹಿಡಿದು ನೋಡಿದಳು, ಮತ್ತೆ ಅಲ್ಲೇ ಇಟ್ಟಳು. ನಲವತ್ತು ಕಡ್ಡಿಗಳನ್ನೂ ನಾನು ತಲೆಕೆಳಗಾಗಿ ಕೂರಿಸಿದ್ದೆ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಅವಳಿಗೆ ಆವತ್ತೇ ತಿಳಿದಿತ್ತು.

ಚರ್ಚಿನಲ್ಲಿ ಮಾತ್ರ ನನ್ನ ಬುದ್ಧಿವಂತಿಕೆ ಚೆನ್ನಾಗಿ ನಡೆಯಿತು. ಚೀಟಿಯ ಅಕ್ಷರ ಕಾಣದಿದ್ದರೇನು, ಕಾಗದ ಕೈಗೆ ತಿಳಿಯುತ್ತದಲ್ಲ. ದರ್ಜಿಯದು ಬಟ್ಟೆ ಗುರುತು ಹಾಕುವ ಒರಟು ಕಂದು ಕಾಗದ. ಗಾಣದವರದು ಎಣ್ಣೆ ಹಿಡಿದ ಕಾಗದ. ಶಾಲೆಯ ಟೀಚರದು ಗೆರೆ ಒತ್ತಿದ ನೋಟುಪುಸ್ತಕದ ಹಾಳೆ. ಕೋಳಿ ಅಜ್ಜಿಯದು ನುಣುಪಾದ ದಪ್ಪ ಕ್ಯಾಲೆಂಡರಿನ ಚೂರು. ಯಾರ ಮನೆಯಲ್ಲಿ ಏನು ಕಷ್ಟ ಎಂದು ಆರಾಧನೆಗೆ ಮುಂಚೆ ಬಾಗಿಲಲ್ಲಿ ನಿಂತು ಕುಶಲ ಕೇಳುವ ನೆಪದಲ್ಲಿ ತಿಳಿದುಕೊಳ್ಳುತ್ತಿದ್ದೆ. ಆಮೇಲೆ ಪೀಠದಲ್ಲಿ ನಿಂತು, ಕಾಗದ ಮುಟ್ಟಿ, ಕಣ್ಣಿನ ಮುಂದೆ ಹಿಡಿದು, ನೆನಪಿನಿಂದ ಓದುತ್ತಿದ್ದೆ.

ಒಂದು ವಾರ ಕಂದು ಕಾಗದ ಕೈಗೆ ಬಂತು. ದರ್ಜಿಯ ಸೊಸೆಗೆ ದಿನ ತುಂಬಿದೆ ಎಂದು ಗೊತ್ತಿತ್ತು. "ಸುಖವಾಗಿ ಹೆರಿಗೆಯಾಗಲಿ" ಎಂದು ಓದಿ, ಬಾಲವನ್ನೂ ಉದ್ದಕ್ಕೆ ಬಿಟ್ಟೆ. ಮೂರನೆಯ ಬೆಂಚಿನಿಂದ ಒಂದು ಹಸುಗೂಸು ಕಿಟಾರನೆ ಅತ್ತಿತು. ಆಮೇಲೆ ತಿಳಿಯಿತು, ಚೀಟಿಯಲ್ಲಿ ಇದ್ದದ್ದು, ಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಹತ್ತು ದಿನವಾಯಿತು, ಕರ್ತನಿಗೆ ಸ್ತೋತ್ರ ಎಂದು. ನಾನು ಒಂದು ಕ್ಷಣವೂ ತಡವರಿಸದೆ, "ನೋಡಿ, ಕೇಳಿ ಮುಗಿಸುವ ಮುಂಚೆಯೇ ಕರ್ತನು ಕೊಟ್ಟುಬಿಟ್ಟ" ಎಂದೆ. ಎಲ್ಲರೂ ನಕ್ಕರು. ಗಾಣದವನು ಹೊರಗೆ ಬಂದು ನನ್ನ ಕೈ ಕುಲುಕಿದ. ನಾಚಿಕೆ ಎನ್ನುವುದು ಅಲ್ಲಿಗಾದರೂ ಬರಬೇಕಿತ್ತು.

ಆಮೇಲೆ ಮೂರು ವಾರ ಕ್ಯಾಲೆಂಡರಿನ ಚೂರು ಬಂತು. ಮೂರೂ ವಾರ ಅಜ್ಜಿಯ ಮೊಣಕಾಲಿಗೆ ಪ್ರಾರ್ಥಿಸಿದೆ.

ಮೂರನೆಯ ಭಾನುವಾರ ಮಧ್ಯಾಹ್ನ ಚಪ್ಪರದ ಕೆಳಗೆ ಕೂತು ಪಟ್ಟಿ ಕತ್ತರಿಸುತ್ತಿದ್ದೆ. ಹೆಂಡತಿ ಬಂದು ಎದುರಿಗೆ ಕೂತಳು.

"ಇವತ್ತು ಕೊನೇ ಚೀಟೀಲಿ ಏನಿತ್ತು ರೀ?"

"ಇನ್ನೇನಿರುತ್ತೆ. ಅಜ್ಜಿ ಮೊಣಕಾಲು."

"ಅಜ್ಜೀನೇ ಬರೆದಿದ್ದಾ?"

"ಮತ್ಯಾರು, ಅವಳ ಕೋಳಿ ಬರೀತಾವಾ?"

"ನಾನು ಚೀಟಿ ಹಾಕಿ ತಿಂಗಳಾಯ್ತಪ್ಪ" ಎಂದು ಹಿಂದಿನಿಂದ ಧ್ವನಿ ಬಂತು. ಅಜ್ಜಿ ಮೊಟ್ಟೆ ಕೊಡಲು ಬಂದು ಚಪ್ಪರದ ಕಂಬ ಹಿಡಿದು ನಿಂತಿದ್ದಳು. "ಹಾಳಾದ ಕೋಳಿಗಳು ಒಳಗೆ ನುಗ್ಗಿ ಕ್ಯಾಲೆಂಡರನ್ನ ಕುಕ್ಕಿ ಚಿಂದಿ ಮಾಡಿವೆ. ಬರೆಯೋಕೆ ಕಾಗದ ಎಲ್ಲಿಂದ ತರ್ಲಿ? ಆದ್ರೂ ನೀನು ಓದ್ತಾನೇ ಇದ್ದೆ. ಅಭ್ಯಾಸಬಲ ಇರ್ಬೇಕು ಅಂತ ಸುಮ್ನಿದ್ದೆ."

ಊರಿನ ಅಂಗಡಿಯವನು ವರ್ಷಕ್ಕೊಮ್ಮೆ ಎಲ್ಲ ಮನೆಗೂ ಒಂದೇ ಕ್ಯಾಲೆಂಡರು ಕೊಡುತ್ತಾನೆ ಎಂಬುದು ನನಗೆ ಆಗ ನೆನಪಾಯಿತು. ನಮ್ಮ ಮನೆಯಲ್ಲೂ ಅದೇ ಇದೆ.

"ನಾನು ಬರೆದು ಹಾಕ್ತಿದ್ದೆ" ಎಂದಳು ಹೆಂಡತಿ. ಅವಳ ಧ್ವನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನನ್ನ ಗಂಡನ ಕಣ್ಣಿಗಾಗಿ, ಅವರ ಭಯಕ್ಕಾಗಿ ಅಂತ. ಬೆರಳುದ್ದ ಅಕ್ಷರ. ನಿಮಗೆ ಕಂಡ್ರೆ ಎಲ್ಲರ ಎದುರಿಗೆ ಬಯಲಾಗುತ್ತೆ, ಕಾಣದಿದ್ರೂ ಬಯಲಾಗುತ್ತೆ ಅಂತ ಬರೆದೆ. ನೀವು ನಿಮ್ಮ ಕಣ್ಣನ್ನೇ ಕೈಯಲ್ಲಿ ಹಿಡ್ಕೊಂಡು ಮೊಣಕಾಲು ಅಂತ ಓದಿದ್ರಿ. ಮೂರು ಸಲ."

ನಾನು ಕತ್ತರಿಸಿದ ಪಟ್ಟಿಗಳನ್ನು ಮಡಚತೊಡಗಿದೆ. ಹೇಳಲು ಬಾಲವೇ ಸಿಗಲಿಲ್ಲ.

ಅಜ್ಜಿ ಮೆಲ್ಲಗೆ ಬಂದು ಗೊಬ್ಬರದ ಚೀಲದ ಮೇಲೆ ಕೂತಳು. ಕಾಲು ಚಾಚಿ ಮೊಣಕಾಲನ್ನು ಎರಡು ಸಲ ಮಡಚಿ ನೋಡಿದಳು. "ಅದಕ್ಕೇ ಮತ್ತೆ" ಎಂದಳು. "ಮೂರು ವಾರದಿಂದ ಇದು ಸ್ವಲ್ಪ ಹಗುರ ಇದೆ. ಇವನ ಕಣ್ಣಿನ ಪಾಲೂ ಇದಕ್ಕೇ ಬಂದಿದೆ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಕಾಣಲಿಲ್ಲ. ಅಷ್ಟು ಹತ್ತಿರ ಕೂತವಳ ಮುಖ ನನಗೆ ಕಾಣಲಿಲ್ಲ.

"ಭಯ ಅಜ್ಜಿ" ಎಂದೆ. ಎಂಟು ತಿಂಗಳಿಂದ ಗಂಟಲಲ್ಲಿದ್ದ ಮಾತು ಇಷ್ಟು ಚಿಕ್ಕದು ಎಂದು ಗೊತ್ತಿರಲಿಲ್ಲ.

"ನನ್ನ ಹೊಟ್ಟೆ ಆಪರೇಷನ್ ಹಿಂದಿನ ದಿನ ನೀನು ಬಂದು ಏನಂದಿದ್ದೆ, ನೆನಪಿದೆಯಾ?"

"ಭಯ ಅಂದ್ರೆ ನಂಬಿಕೆ ಕಮ್ಮಿ ಅಂತ."

"ಹೂಂ. ಅಲ್ಲೀವರೆಗೂ ನನಗೆ ಒಂದೇ ಭಯ ಇತ್ತು, ಆಪರೇಷನ್ದು. ನೀನು ಹೋದ್ಮೇಲೆ ಎರಡಾಯ್ತು. ಭಯ ಆಗ್ತಿದೆಯಲ್ಲ ಅನ್ನೋದು ಇನ್ನೊಂದು."

"ಹಾಗಿದ್ರೆ ಎಲ್ಲರೂ ನನ್ನನ್ನ ಯಾಕೆ ಕರೀತಿದ್ರಿ?"

"ನೀನು ಬರ್ತಿದ್ದೆ. ಕೂತ್ಕೊಳ್ತಿದ್ದೆ. ಮಾತು ಮುಗಿಯೋ ತನಕ ನಾವು ಕಾಯ್ತಿದ್ವಿ, ಅಷ್ಟೇ" ಎಂದಳು ಅಜ್ಜಿ. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಬದನೆಕಾಯಿ ತಿಂದ್ರೆ ತಪ್ಪೇನಿಲ್ಲಪ್ಪ. ಬಚ್ಚಿಟ್ಕೊಂಡು ತಿನ್ಬೇಡ."

ಹನ್ನೊಂದು ವರ್ಷದಿಂದ ಕೇಳಬೇಕಾಗಿದ್ದ ಇನ್ನೊಂದು ಮಾತನ್ನು ಅಂದೇ ಕೇಳಿದೆ. "ಇಷ್ಟು ವರ್ಷ ಪ್ರಾರ್ಥಿಸಿದ್ವಿ. ನಿನ್ನ ಮೊಣಕಾಲು ವಾಸಿ ಆಗ್ಲಿಲ್ವಲ್ಲ. ನಿನಗೆ ಬೇಜಾರಿಲ್ವಾ?"

"ಇಲ್ದೇ ಏನು. ದಿನಾ ಬೆಳಿಗ್ಗೆ ಕರ್ತನ ಹತ್ರ ಜಗಳ ಆಡ್ತೀನಿ. ಒಬ್ಬಳೇ ಇರೋಳಿಗೆ ಜಗಳ ಆಡೋಕಾದ್ರೂ ಒಬ್ಬ ಬೇಕಲ್ಲ. ಅವನು ಕೇಳಿಸ್ಕೊಳ್ತಾನೆ, ಎದ್ದು ಹೋಗಲ್ಲ. ಹಂಗೇ ಬೈತಾ ಬೈತಾ ನೋಡ್ತೀನಿ, ಎದ್ದು ನಿಂತಿರ್ತೀನಿ, ಕೋಳಿಗೂಡಿನ ಬಾಗಿಲು ತೆಗೆದಿರ್ತೀನಿ." ಅವಳು ಮೊಣಕಾಲನ್ನು ಒಮ್ಮೆ ಸವರಿಕೊಂಡಳು. "ಬೈಬಲ್‌ನಲ್ಲಿ ಬರೋ ಆ ಕಣ್ಣಿಲ್ಲದವನು ದಾರೀಲಿ ಕೂಗಿದಾಗ ಕರ್ತ ನಿಂತು, ಏನು ಬೇಕು ಅಂತ ಕೇಳಿದ್ನಲ್ಲ. ನೋಡಿದ್ರೆ ಗೊತ್ತಾಗ್ತಿರಲಿಲ್ವಾ? ಆದ್ರೂ ಕೇಳಿದ. ನೀನು ಊರಿನ ಬೆನ್ನು, ಮೊಣಕಾಲು, ಕೆಚ್ಚಲು ಎಲ್ಲಾ ಹೇಳ್ದೆ. ನಿಂದೊಂದು ಹೇಳ್ಲಿಲ್ಲ."

ಮುಂದಿನ ಭಾನುವಾರ ಡಬ್ಬಿಯನ್ನು ಟೀಚರ ಕೈಗೆ ಕೊಟ್ಟು, ಪೀಠದಿಂದ ಇಳಿದು ಬೆಂಚಿಗೆ ಬಂದೆ. "ನನಗೆ ಅಕ್ಷರ ಕಾಣಲ್ಲ" ಎಂದೆ. ಯಾರೂ ಬೆಚ್ಚಿಬೀಳಲಿಲ್ಲ. ದರ್ಜಿ ಪಕ್ಕದವನಿಗೆ, "ಅಂತೂ ಹೇಳಿದ್ನಪ್ಪ" ಎಂದದ್ದು ಕೇಳಿಸಿತು. ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ಎಂಟು ತಿಂಗಳು ಕಾಪಾಡಿದ್ದೆ ನಾನು.

ಪ್ರಾರ್ಥನೆಯನ್ನು ಮನೆಯಲ್ಲಿ ಚೆನ್ನಾಗಿ ಜೋಡಿಸಿಕೊಂಡು ಬಂದಿದ್ದೆ. ಕತ್ತಲೆಯಿತ್ತು, ಬೆಳಕಿತ್ತು, ಬೆಟ್ಟ ಕಣಿವೆ ಎಲ್ಲ ಇತ್ತು. ನಿಂತಾಗ ಅದೆಲ್ಲ ಎಲ್ಲಿ ಹೋಯಿತೋ. "ನನಗಿರೋದು ಒಂದೇ ಕಣ್ಣು. ಆಪರೇಷನ್ ಮಾಡಿಸ್ಬೇಕು. ಭಯ ಆಗಿದೆ" ಎಂದೆ, ಅಷ್ಟಕ್ಕೇ ನಿಲ್ಲಿಸಿ ಮುಂದಿನ ಬೆಂಚು ಹಿಡಿದುಕೊಂಡೆ. ಬಾಲ ಬರುತ್ತದೆ ಎಂದು ಒಂದು ಗಳಿಗೆ ಕಾದರೋ ಏನೋ. ಆಮೇಲೆ ಎಲ್ಲರೂ ಸೇರಿ, "ಕರ್ತನೇ, ಕೇಳು" ಎಂದರು. ಇಪ್ಪತ್ತು ವರ್ಷದಿಂದ ನಾನು ಪೀಠದ ಮೇಲೆ ನಿಂತು ಇದನ್ನು ಕೇಳಿಸಿಕೊಂಡವನು. ಬೆಂಚಿನ ಸಾಲಿನಲ್ಲಿ ನಿಂತಾಗ ಅದು ಬೇರೆ ತರಹ ಕೇಳಿಸಿತು, ನಾಲ್ಕೂ ಕಡೆಯಿಂದ ಬಂದು ತೋಳಿನ ಕೆಳಗೆ ಕೈಹಾಕಿ ಎತ್ತಿದ ಹಾಗೆ.

ಬುಧವಾರ ಬಸ್ಸು ಹತ್ತಿದೆವು. ಒಂದು ಕಡೆ ಹೆಂಡತಿ, ಒಂದು ಕಡೆ ಅಜ್ಜಿ. ಬರಬೇಡ ಎಂದರೂ ಅಜ್ಜಿ ಕೇಳಲಿಲ್ಲ. "ನಿನ್ನ ಪಾಲು ನನ್ನ ಹತ್ರ ಉಳಿದಿದೆ, ವಾಪಸ್ ಕೊಡ್ದೇ ಇದ್ರೆ ನಿದ್ದೆ ಬರಲ್ಲ. ನೀನು ಹೊರಗೆ ಬರೋ ತನಕ ಬಿಡದೆ ಪ್ರಾರ್ಥನೆ ಮಾಡ್ತೀನಿ" ಎಂದಳು. ಹೆಂಡತಿ ದಾರಿಯುದ್ದಕ್ಕೂ ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳ ಕೈ ಹಿಡಿದೆ. ತಣ್ಣಗಿತ್ತು. ಅವಳಿಗೂ ಭಯವಾಗಿರಬಹುದು ಎಂದು ಎಂಟು ತಿಂಗಳಲ್ಲಿ ನಾನು ಯೋಚಿಸಿರಲೇ ಇಲ್ಲ.

ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸಿದರು. ನರ್ಸಮ್ಮ ಒಬ್ಬೊಬ್ಬರ ಹಣೆಗೂ ನೀಲಿ ಮಸಿಯಲ್ಲಿ ಗುರುತು ಹಾಕುತ್ತ ಬಂದರು.

"ಯಾವ ಕಣ್ಣು, ಯಜಮಾನ್ರೇ?"

ನನ್ನ ಕೈ ತಾನಾಗಿಯೇ ಎದ್ದು ಎಡಗಣ್ಣನ್ನು ತೋರಿಸಿತು. ಹೋದರೆ ಇದೇ ಹೋಗಲಿ ಎಂದಿರಬೇಕು. ಧೈರ್ಯವಂತನಾಗಿ ಬಂದಿದ್ದೇನೆ ಎಂದುಕೊಂಡಿದ್ದೆ. ನನ್ನ ಕೈಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ನರ್ಸಮ್ಮ ಚೀಟಿ ನೋಡಿದರು, ನನ್ನ ಮುಖ ನೋಡಿದರು. "ಅದಕ್ಕೆ ಮಾಡಿದ್ರೆ ನಮ್ಮ ಕೆಲಸ ಸುಲಭ. ನಿಮಗೇನು ಸಿಗುತ್ತೆ?" ಎಂದು ಬಲಗಡೆ ಗುರುತು ಹಾಕಿದರು.

ಒಳಗೆ ಮುಖದ ಮೇಲೆ ಬಟ್ಟೆ ಮುಚ್ಚಿದರು. ಕಣ್ಣಿಗೆ ಮಾತ್ರ ಒಂದು ತೂತು. "ಅಲುಗಾಡ್ಬೇಡಿ, ಮಾತಾಡ್ಬೇಡಿ" ಎಂದರು ಡಾಕ್ಟರು. ಎರಡನೆಯದು ನನಗೆ ಕಷ್ಟ ಎಂದು ಅವರಿಗೆ ಯಾರು ಹೇಳಿದರೋ. ಮನಸ್ಸಿನಲ್ಲೇ ವಾಕ್ಯ ಹೇಳಿಕೊಳ್ಳಲು ನೋಡಿದೆ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಎಲ್ಲ ಖಾಲಿಯಾದ ಮೇಲೆ ಉಳಿದದ್ದು ಸಭೆಯ ಆ ಎರಡೇ ಶಬ್ದ. ಅಷ್ಟು ವರ್ಷ ನನ್ನ ಪಾಲಿಗೆ ಬಾರದಿದ್ದ ಶಬ್ದಗಳು. ಉಸಿರಿಗೊಮ್ಮೆ ಅವನ್ನೇ ಹೇಳಿಕೊಂಡೆ. ಭಯ ಹೋಗಲಿಲ್ಲ. ಆದರೆ ಆ ಮಂಚದ ತುದಿಯಲ್ಲಿ ಯಾರೋ ಬಂದು ಕೂತ ಹಾಗಾಯಿತು. ಬಂದವನು ಒಂದು ಮಾತೂ ಆಡಲಿಲ್ಲ. ನನಗಿಂತ ಅವನಿಗೆ ಈ ಕೆಲಸ ಚೆನ್ನಾಗಿ ಗೊತ್ತಿತ್ತು.

ಕಣ್ಣಿಗೆ ಪಟ್ಟಿ ಕಟ್ಟಿ ವಾರ್ಡಿಗೆ ತಂದು ಮಲಗಿಸಿದರು. ನಾಳೆ ಬೆಳಿಗ್ಗೆ ಬಿಚ್ಚಿದ ಮೇಲೆಯೇ ತಿಳಿಯುವುದು ಎಂದರು. ಎಂಟು ತಿಂಗಳು ಯಾವ ಕತ್ತಲೆಗೆ ಹೆದರಿ ಓಡಾಡಿದ್ದೆನೋ ಅದರೊಳಗೇ ಈಗ ಒಂದು ಇಡೀ ಮಧ್ಯಾಹ್ನ ಮಲಗಿದ್ದೆ. ಹೆಂಡತಿ ತುತ್ತು ಬಾಯಿಗಿಟ್ಟಳು. ಒಂದು ತುತ್ತು ಮೂಗಿಗೆ ಹೋಯಿತು, ಇಬ್ಬರೂ ನಕ್ಕೆವು. ಆಮೇಲೆ ನಿದ್ದೆ ಬಂದುಬಿಟ್ಟಿತು. ನನ್ನ ಗೊರಕೆಗೆ ವಾರ್ಡಿನವರು ಎರಡು ಸಲ ದೂರು ಕೊಟ್ಟರಂತೆ.

ಬೆಳಿಗ್ಗೆ ಮತ್ತೆ ಬೆಂಚಿನಲ್ಲಿ ಸಾಲಾಗಿ ಕೂತೆವು. ಡಾಕ್ಟರು ಆ ಕಡೆಯಿಂದ ಒಂದೊಂದೇ ಪಟ್ಟಿ ಬಿಚ್ಚುತ್ತ ಬರುತ್ತಿದ್ದರು. ನನ್ನ ಪಕ್ಕದಲ್ಲಿದ್ದವನು ಲಾರಿ ಡ್ರೈವರ್ ಎಂದು ಹೇಳಿಕೊಂಡಿದ್ದ. ಅವನು ನನ್ನ ಕಡೆ ಬಾಗಿ ಕೇಳಿದ.

"ಅಣ್ಣಾ, ನಿಮಗೆ ಭಯ ಇಲ್ವಾ? ನಿನ್ನೆ ಅಷ್ಟು ಚೆನ್ನಾಗಿ ಮಲಗಿದ್ರಿ."

ಹಳೆಯ ಮಾತು ಬಾಯಿಯ ತನಕ ಬಂತು. ನುಂಗಿಕೊಂಡೆ. "ಇದೆ" ಎಂದೆ. "ನಿಮಗೆ?"

"ಕೈಕಾಲು ಆಡ್ತಿಲ್ಲ."

"ಹಾಗಾದ್ರೆ ಹತ್ತಿರ ಬನ್ನಿ." ಅವನು ಸರಿದು ಕೂತ. ನಾನು ಮತ್ತೇನೂ ಹೇಳಲಿಲ್ಲ.

ಹೆಜ್ಜೆಗಳು ನನ್ನ ಮುಂದೆ ನಿಂತವು. ಪಟ್ಟಿ ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ಕೊನೆಯ ಹತ್ತಿಯನ್ನು ತೆಗೆದಾಗ ರೆಪ್ಪೆ ಅಂಟಿಕೊಂಡಿತ್ತು. "ಮೆಲ್ಲಗೆ ತೆಗೀರಿ" ಎಂದರು. ತೆಗೆದೆ. ಮೊದಲು ಬರೀ ಬಿಳಿ, ನೀರು ನೀರು. ಆಮೇಲೆ ಡಾಕ್ಟರ ಅಂಗಿಯ ಗುಂಡಿ ಕಂಡಿತು. ಗುಂಡಿಯ ನಾಲ್ಕು ತೂತುಗಳು, ಅದರಲ್ಲಿ ಓಡಿದ ದಾರ.

"ಎಷ್ಟು ಬೆರಳು?" ಎಂದು ಅವರು ಕೈ ಎತ್ತಿದರು.

ಕೈಯ ಹಿಂದೆ ಗೋಡೆಗೆ ಒರಗಿ ಹೆಂಡತಿ ನಿಂತಿದ್ದಳು, ಬಾಯಿಗೆ ಸೆರಗು ಹಿಡಿದುಕೊಂಡು. ಈ ಸಲ ಅಳುತ್ತಿದ್ದಾಳೆ ಎಂದು ಕಂಡಿತು. ಅವಳ ಕಾಲ ಬಳಿ ಚಿಕ್ಕ ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದಳು. ಬಿಡದೆ ಪ್ರಾರ್ಥಿಸುತ್ತೇನೆ ಎಂದಿದ್ದವಳು ಕೈ ಜೋಡಿಸಿಕೊಂಡೇ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಕೆಳಗಿನ ದವಡೆಯಲ್ಲಿ ಎರಡೇ ಹಲ್ಲು.

"ಯಜಮಾನ್ರೇ, ಎಷ್ಟು?"

"ಮೂರು" ಎಂದೆ, ಅಜ್ಜಿಗೆ ಎಚ್ಚರವಾಗದಷ್ಟು ಮೆಲ್ಲಗೆ.